ಡೋಟಾ 2: ಮೊದಲು ಯಾವ ಹೀರೋ?

ಡೋಟಾ 2 ಅನ್ನೋ ಆನ್‌ಲೈನ್ ಗೇಮ್ ಶುರು ಮಾಡಿ ವಾರವಾಯಿತು, ಹತ್ತು ನಿಮಿಷದೊಳಗೆ ಐದಾರು ಸಲ ಸಾಯುತ್ತೇನೆ, ಯಾವ ಹೀರೋ (ನಾವು ಆಡಿಸುವ ಪಾತ್ರ) ತಗೊಳ್ಳಲಿ ಅಂತ ಕೇಳಿದ್ದೀರಿ. ರೇತ್ ಕಿಂಗ್ ತಗೊಳ್ಳಿ. 6ನೇ ಲೆವೆಲ್‌ನಲ್ಲಿ ಅಲ್ಟಿಮೇಟ್ (ಅವನ ದೊಡ್ಡ ಶಕ್ತಿ) ಕಲಿತರೆ, ಆ ಶಕ್ತಿ ತಯಾರಿದ್ದಾಗ ಸತ್ತರೂ ಅಲ್ಲೇ ಎದ್ದು ನಿಲ್ಲುತ್ತಾನೆ. ನಿಮಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಆದರೆ ನೀವು ಇಷ್ಟು ಸಲ ಸಾಯುವುದಕ್ಕೆ ಕಾರಣ ಟವರ್ (ಹತ್ತಿರ ಬಂದ ಎದುರಾಳಿಗೆ ತಾನೇ ಹೊಡೆಯುವ ಗೋಪುರ) ಅಂತ ನನ್ನ ಅನುಮಾನ. ಎದುರಾಳಿ ಟವರ್ ಹತ್ತಿರ ನಿಂತು ಅವರ ಹೀರೋಗೆ ಹೊಡೆದರೆ, ಟವರ್ ನಿಮ್ಮ ಕ್ರೀಪ್‌ಗಳನ್ನು (ತಾವಾಗಿಯೇ ನಡೆದು ಹೊಡೆದಾಡುವ ಸಣ್ಣ ಸೈನಿಕರನ್ನು) ಬಿಟ್ಟು ನಿಮ್ಮ ಕಡೆ ತಿರುಗುತ್ತದೆ. ಆಗ ಪಕ್ಕದಲ್ಲಿರುವ ನಿಮ್ಮದೇ ಕ್ರೀಪ್ ಮೇಲೆ ಅಟ್ಯಾಕ್ ಕೊಡಿ, ಗುರಿ ಅದರ ಮೇಲೆ ಹೋಗುತ್ತದೆ. ಇದು ಗೊತ್ತಾಗುವ ಮೊದಲು ನಾನು ಎಷ್ಟು ಸಲ ಸತ್ತೆನೋ, ಲೆಕ್ಕವಿಲ್ಲ.

ಇನ್ನೊಂದು, ಎದುರಾಳಿಯ ಕ್ರೀಪ್‌ಗೆ ಸುಮ್ನೆ ಹೊಡೆಯುತ್ತಾ ಇರಬೇಡಿ. ಕೊನೆಯ ಏಟು ನಿಮ್ಮದಾದರೆ ಮಾತ್ರ ಅದರ ಗೋಲ್ಡ್ ನಿಮಗೆ. ಬಾಟ್‌ಗಳ (ಕಂಪ್ಯೂಟರೇ ಆಡಿಸುವ ಆಟಗಾರರ) ಜೊತೆ ಆಡಿ ಇದನ್ನು ರೂಢಿ ಮಾಡಿಕೊಳ್ಳಿ, ಅಲ್ಲಿ ಬೈಯುವವರೂ ಇರುವುದಿಲ್ಲ.