ಹರಕೆ ಹೊತ್ತರೂ ನಿದ್ದೆ ಬರುತ್ತಿಲ್ಲ

ಪ್ರಶ್ನೆ: ಅಕ್ಕಾ, ಹೊಸನಗರದ ಕಡೆ ನಮ್ಮದು ಎರಡು ಎಕರೆ ಅಡಿಕೆ ತೋಟ. ಎಲೆಚುಕ್ಕೆ ರೋಗ ಬಂದು ಫಸಲು ಅರ್ಧಕ್ಕೆ ಇಳಿದಿದೆ, ಸೊಸೈಟಿ ಸಾಲ ಹಾಗೇ ನಿಂತಿದೆ. ಧರ್ಮಸ್ಥಳಕ್ಕೆ ಒಂದು, ಊರ ಚೌಡಿಗೆ ಒಂದು ಅಂತ ಹರಕೆ ಹೊರುತ್ತಲೇ ಇದ್ದೇನೆ. ಆದರೂ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಅಮ್ಮ ಮಾತ್ರ ಸಂಜೆ ದೀಪ ಹಚ್ಚಿ, ಕೈ ಮುಗಿದು, ಉಂಡು ಮಲಗಿಬಿಡುತ್ತಾರೆ. ಸಾಲ ಎಷ್ಟಿದೆ ಅಂತ ಅವರಿಗೂ ಗೊತ್ತು. ನನಗೇ ನಂಬಿಕೆ ಕಡಿಮೆಯಾ?

ಉತ್ತರ: ನಂಬಿಕೆ ಕಡಿಮೆ ಅಂತ ನನಗೆ ಅನ್ನಿಸಲಿಲ್ಲ, ಲೆಕ್ಕ ಜಾಸ್ತಿಯಾಗಿದೆ. ಹರಕೆ ಹೊರುವುದು ತಪ್ಪಲ್ಲ. ಮಗನಿಗೆ ಟೈಫಾಯ್ಡ್ ಬಂದಾಗ ನಾನೂ ಹೊತ್ತಿದ್ದೆ, ಒಂದಲ್ಲ ಮೂರು. ಆದರೆ ಒಂದರ ಮೇಲೊಂದು ಹೊರುತ್ತಾ ಹೋದರೆ ಅದೂ ಸೊಸೈಟಿ ಸಾಲದ ಹಾಗೇ ಆಗುತ್ತದೆ, ಯಾವ ದೇವರಿಗೆ ಎಷ್ಟು ಬಾಕಿ, ಯಾರು ಇನ್ನೂ ಕಣ್ಣು ಬಿಟ್ಟಿಲ್ಲ ಅಂತ ಮನಸ್ಸು ರಾತ್ರಿಯೆಲ್ಲ ಖಾತೆ ತಿರುವುತ್ತಾ ಕೂರುತ್ತದೆ.

ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ ಕೇಳಿಯೇ ಇರುತ್ತೀರಿ. ಭಜನೆಯಲ್ಲಿ ನೂರು ಸಲ ಕೇಳಿದ್ದರೂ ನಾನು ಬಹಳ ದಿನ ಗಮನಿಸಿರಲಿಲ್ಲ, ಅಲ್ಲಿ ದಾಸರು ದೇವರ ಹತ್ತಿರ ಏನೂ ಬೇಡುವುದಿಲ್ಲ. ಮಾತೆಲ್ಲ ತಮ್ಮ ಮನಸ್ಸಿನ ಜೊತೆ. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಅಂತ ಆ ಮನಸ್ಸನ್ನೇ ಕೇಳುತ್ತಾರೆ. (ತೋಟದವರಿಗೆ ಈ ಸಾಲು ಸ್ವಲ್ಪ ಕಿರಿಕಿರಿ, ನಿಮ್ಮ ಮರಕ್ಕೆ ನೀರು ನೀವೇ ಬಿಡಬೇಕು, ಗೊತ್ತು!) ಈ ವರ್ಷ ಫಸಲು ಬರುತ್ತದೆ ಅಂತ ಅವರು ಹೇಳಲಿಲ್ಲ. ಸಲಹುತ್ತಾನೆ ಅಂದರು, ಅಷ್ಟೇ.

ಹಾಗಂತ ಕೈಕಟ್ಟಿ ಕೂರುವುದಲ್ಲ. ಎಲೆಚುಕ್ಕೆ ಶಿಲೀಂಧ್ರದ ರೋಗ, ಮಳೆ ಗಾಳಿಯಲ್ಲಿ ಹರಡುತ್ತದೆ. ರೋಗದ ಸೋಗೆ ಕಡಿದು ಸುಡುವುದು, ಅಕ್ಕಪಕ್ಕದ ತೋಟದವರನ್ನೂ ಸೇರಿಸಿಕೊಂಡು ಒಟ್ಟಿಗೇ ಔಷಧಿ ಹೊಡೆಯುವುದು, ಸೊಸೈಟಿಗೆ ಹೋಗಿ ಕಂತಿನ ವಿಷಯ ಬಾಯಿಬಿಟ್ಟು ಮಾತಾಡುವುದು, ಇದೆಲ್ಲ ನಿಮ್ಮ ಪಾಲಿನ ಕೆಲಸ. ಅದನ್ನು ಹಗಲಿನಲ್ಲೇ ಮುಗಿಸಿ. ಸಂಜೆ ಅಮ್ಮನ ಪಕ್ಕ ದೀಪದ ಮುಂದೆ ಹತ್ತು ನಿಮಿಷ ಸುಮ್ನೆ ಕೂತು ನೋಡಿ, ಹೊಸ ಹರಕೆ ಬೇಡ. ಮೊದಮೊದಲು ಮನಸ್ಸು ಸೊಸೈಟಿ ಕಡೆಗೇ ಓಡುತ್ತದೆ, ಓಡಲಿ.

ಎರಡು ವಾರವಾದರೂ ನಿದ್ದೆ ಬರದಿದ್ದರೆ ಡಾಕ್ಟರಿಗೆ ತೋರಿಸಿ. ಬದುಕೇ ಸಾಕು ಅನ್ನಿಸಿದರಂತೂ ಅಷ್ಟು ದಿನ ಕಾಯಬೇಡಿ, ಆಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅದರಿಂದ ದೇವರಿಗೆ ಬೇಜಾರೇನೂ ಆಗುವುದಿಲ್ಲ.

ಇನ್ನೊಂದು ಮಾತು. ಅಮ್ಮನಿಗೆ ನಿಜವಾಗಿ ನಿದ್ದೆ ಬರುತ್ತದಾ ಅಂತ ಅವರನ್ನೇ ಒಮ್ಮೆ ಕೇಳಿ. ನನಗೆ ಸ್ವಲ್ಪ ಅನುಮಾನ.