ರಿಮ್ಮಿನ ಮೇಲೆ ಟೈರು ಜಾರದಂತೆ ತಡೆಯುವುದು ಹೇಗೆ?

ಪ್ರಶ್ನೆ: ನನ್ನ ಡ್ರ್ಯಾಗ್ ರೇಸ್ (ನೇರ ಹಾದಿಯ ಕಿರು ಓಟ) ಕಾರಿನ ಹಿಂದಿನ ಚಕ್ರಗಳಿಗೆ ಟ್ಯೂಬ್ ಸಹಿತ ಸ್ಲಿಕ್ ಟೈರುಗಳನ್ನು, ಅಂದರೆ ಮೇಲ್ಮೈಯಲ್ಲಿ ಗೀರುಗಳಿಲ್ಲದ ಟೈರುಗಳನ್ನು, ಹಾಕಿಸಿದ್ದು, ಗಾಳಿಯನ್ನು 12 ಪಿಎಸ್‌ಐ ಒತ್ತಡದಲ್ಲಿ ಇಟ್ಟಿದ್ದೇನೆ. ಕೆಲವು ಓಟಗಳಾದ ಮೇಲೆ ನೋಡಿದರೆ ಟ್ಯೂಬಿನ ವಾಲ್ವ್ ಒಂದು ಕಡೆಗೆ ವಾಲಿಕೊಂಡಿರುತ್ತದೆ. ಗಾಳಿ ಹೆಚ್ಚಿಸಿ ಎಂದು ಒಬ್ಬರು, ರಿಮ್ಮಿಗೆ ಸ್ಕ್ರೂ ಹಾಕಿಸಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ವಾಲ್ವ್ ವಾಲಿದೆ ಎಂದರೆ ಟೈರು ರಿಮ್ಮಿನ ಮೇಲೆ ಜಾರಿದೆ, ತನ್ನ ಜೊತೆಗೆ ಟ್ಯೂಬನ್ನೂ ಎಳೆದುಕೊಂಡು ಹೋಗಿದೆ ಎಂದೇ ಅರ್ಥ. ಇದೇ ಸ್ಥಿತಿಯಲ್ಲಿ ಓಡಿಸಿದರೆ ಒಂದು ದಿನ ವಾಲ್ವ್ ಬುಡದಲ್ಲಿಯೇ ಹರಿದು, ವೇಗದಲ್ಲಿರುವಾಗಲೇ ಗಾಳಿಯೆಲ್ಲ ಹೊರಟುಹೋಗುತ್ತದೆ. ಆದ್ದರಿಂದ ಈ ಟ್ಯೂಬನ್ನು ಬದಲಿಸದೆ ಮುಂದಿನ ಓಟಕ್ಕೆ ಇಳಿಯಬೇಡಿ.

ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಸಂಗತಿಗಳು ಎರಡೇ. ಟೈರಿನ ಒಳ ಅಂಚಿನಲ್ಲಿರುವ ಬೀಡ್ ಎಂಬ ಭಾಗದೊಳಗಿನ ಉಕ್ಕಿನ ತಂತಿ ಹಿಗ್ಗುವುದಿಲ್ಲವಾದ್ದರಿಂದ, ಆ ತಂತಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡ ರಬ್ಬರು ಬಿಗಿಯಾಗಿ ಕೂರುತ್ತದೆ. ಒಳಗಿನ ಗಾಳಿಯು ಅದೇ ಬೀಡನ್ನು ರಿಮ್ಮಿನ ಅಂಚಿಗೆ ಒತ್ತಿ ಹಿಡಿಯುತ್ತದೆ. ರಸ್ತೆಯ ಕಾರಿನಲ್ಲಿ ಸುಮಾರು 30 ಪಿಎಸ್‌ಐ ಇರುವ ಈ ಒತ್ತಡವನ್ನು ನೀವು, ನೆಲದ ಹಿಡಿತಕ್ಕಾಗಿ, ಅರ್ಧಕ್ಕಿಂತಲೂ ಕೆಳಗೆ ಇಳಿಸಿದ್ದೀರಿ. ಬೀಡಿನ ಮೇಲೆ ಬೀಳುವ ಬಲವಾದರೋ ಹೆಚ್ಚಿದೆ. 28 ಇಂಚು ವ್ಯಾಸದ ಟೈರು 15 ಇಂಚಿನ ರಿಮ್ಮಿನ ಮೇಲಿದೆ ಎಂದುಕೊಳ್ಳಿ. ಕಾರು ಹೊರಡುವ ಕ್ಷಣದಲ್ಲಿ ನೆಲವು ಆ ಟೈರನ್ನು 500 ಕೆ.ಜಿ. ಬಲದಿಂದ ತಳ್ಳಿದರೆ, ಬೀಡುಗಳೆರಡೂ ಸೇರಿ ತಡೆಯಬೇಕಾದ ಬಲವು ವ್ಯಾಸಗಳ ಅನುಪಾತದಷ್ಟು ಹೆಚ್ಚಿ ಸುಮಾರು 930 ಕೆ.ಜಿ. ಆಗುತ್ತದೆ. ನೆಲದ ಹಿಡಿತ ಸುಧಾರಿಸಿದಷ್ಟೂ ರಿಮ್ಮಿನ ಮೇಲಿನ ಜಾರಿಕೆಯ ಕಾಟ ಹೆಚ್ಚುವುದು ಈ ಕಾರಣಕ್ಕೇ.

ಗಾಳಿ ಹೆಚ್ಚಿಸಿದರೆ ಜಾರಿಕೆ ಕಡಿಮೆಯಾಗುವುದು ನಿಜ. ಆದರೆ ಸ್ಲಿಕ್ ಟೈರು ನೆಲಕ್ಕೆ ಅಂಟಿಕೊಳ್ಳುವ ಅಗಲವೂ ಕಡಿಮೆಯಾಗಿ, ರಿಮ್ಮಿನಲ್ಲಿ ಉಳಿಸಿದ್ದನ್ನು ನೆಲದಲ್ಲಿ ಕಳೆದುಕೊಂಡಂತಾಗುತ್ತದೆ. ಟೈರು ತಯಾರಕರು ಹೇಳಿದ ಮಿತಿಗಿಂತ ನಿಮ್ಮ ಒತ್ತಡ ಕಡಿಮೆ ಇದ್ದರೆ ಮಾತ್ರ ಗಾಳಿಯನ್ನು ಆ ಮಿತಿಗೆ ತನ್ನಿ. ಅದಕ್ಕಿಂತ ಹೆಚ್ಚಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಮೊದಲು ಮಾಡಬೇಕಾದದ್ದು ಅಳತೆ. ಟೈರಿನ ಪಕ್ಕದಿಂದ ರಿಮ್ಮಿನ ಅಂಚಿನವರೆಗೆ ಬಿಳಿ ಬಣ್ಣದ ಒಂದು ನೇರ ಗೆರೆ ಎಳೆಯಿರಿ. ಬೀಡುಗಳೆರಡೂ ಒಂದೇ ಸಮನೆ ಜಾರಬೇಕೆಂದಿಲ್ಲವಾದ್ದರಿಂದ ಚಕ್ರದ ಒಳಬದಿಗೂ ಹೊರಬದಿಗೂ ಗೆರೆ ಬೇಕು. ಪ್ರತಿ ಓಟದ ನಂತರ ಗೆರೆಯ ಎರಡು ತುಂಡುಗಳು ಎಷ್ಟು ದೂರ ಸರಿದಿವೆ ಎಂದು ಬರೆದಿಟ್ಟರೆ, ಮುಂದೆ ಮಾಡುವ ಯಾವ ಉಪಾಯ ಫಲಿಸಿತು ಎಂಬುದು ಊಹೆಯಿಲ್ಲದೆ ತಿಳಿಯುತ್ತದೆ.

ಆನಂತರ ಟೈರನ್ನು ಬಿಚ್ಚಿಸಿ ಬೀಡ್ ಕೂರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಟೈರು ಕೂರಿಸುವಾಗ ಬಳಿದ ಸೋಪಿನ ಪದರ, ಹಳೆಯ ರಬ್ಬರಿನ ಪುಡಿ, ಕನ್ನಡಿಯಂತೆ ನುಣುಪಾದ ಬಣ್ಣ, ಇವುಗಳಲ್ಲಿ ಯಾವುದಾದರೊಂದು ಸಿಕ್ಕೀತು. ಆ ಜಾಗವನ್ನು ಚೆನ್ನಾಗಿ ಒರೆಸಿ, ಸ್ಯಾಂಡ್ ಬ್ಲಾಸ್ಟಿಂಗ್‌ನಿಂದ (ಗಾಳಿಯ ರಭಸದಲ್ಲಿ ಮರಳು ಚಿಮ್ಮಿಸುವ ವಿಧಾನ) ಹದವಾಗಿ ಒರಟು ಮಾಡಿಸಿ. ಮರಳಿ ಕೂರಿಸುವಾಗ ಎಣ್ಣೆ ಅಥವಾ ಸಿಲಿಕೋನ್ ಬೇಡವೇ ಬೇಡ, ಬರಿಯ ನೀರು ಸಾಕು. ಅದು ಪೂರ್ತಿ ಆರಲು ಒಂದು ದಿನ ಬಿಟ್ಟು ಆಮೇಲೆ ಓಡಿಸಿ. ಹಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ, ಆದರೂ ಖರ್ಚಿನ ದಾರಿಯನ್ನೇ ಮೊದಲು ಹಿಡಿಯುವವರು ಹೆಚ್ಚು.

ಇಷ್ಟಾದರೂ ಗೆರೆ ಸರಿಯುತ್ತಿದ್ದರೆ ಸ್ಕ್ರೂಗಳ ಸರದಿ. ರಿಮ್ಮಿನ ಅಂಚಿನ ಮೂಲಕ ಬೀಡಿನ ರಬ್ಬರಿಗೆ ಕಚ್ಚುವಂತೆ, ಎರಡೂ ಬದಿಗಳಲ್ಲಿ ಸಮಾನ ಅಂತರದಲ್ಲಿ, ತಗಡಿಗೆ ಬಳಸುವ ಚಿಕ್ಕ ಸ್ಕ್ರೂಗಳನ್ನು ಹಾಕುತ್ತಾರೆ. ಇದರಲ್ಲಿ ಉದ್ದದ್ದೇ ಮುಖ್ಯ ವಿಚಾರ: ಸ್ಕ್ರೂವಿನ ತುದಿ ರಬ್ಬರಿನಲ್ಲಿಯೇ ನಿಲ್ಲಬೇಕು, ತಂತಿಯನ್ನು ಮುಟ್ಟಬಾರದು, ಒಳಗೆ ಚಾಚಿ ಟ್ಯೂಬನ್ನು ಚುಚ್ಚಲೂಬಾರದು. ಡ್ರಿಲ್ ಬಿಟ್ ಅಂಚನ್ನು ದಾಟಿದೊಡನೆ ನಿಲ್ಲುವಂತೆ ಅದಕ್ಕೊಂದು ತಡೆ ಹಾಕಿಕೊಂಡೇ ರಂಧ್ರ ಮಾಡಿ. ರಂಧ್ರ ಕೊರೆದ ರಿಮ್ ಅಷ್ಟರಮಟ್ಟಿಗೆ ದುರ್ಬಲವಾಗುವುದರಿಂದ, ಚಕ್ರ ಮತ್ತು ಟೈರು ತಯಾರಕರು ಇದಕ್ಕೆ ಒಪ್ಪಿದ್ದಾರೆಯೇ, ನೀವು ಸ್ಪರ್ಧಿಸುವ ಕೂಟದ ನಿಯಮ ಏನು ಎಂಬುದನ್ನು ಮೊದಲೇ ನೋಡಿಕೊಳ್ಳಿ. ಇಂಥ ಚಕ್ರವನ್ನು ರಸ್ತೆಯ ಓಡಾಟಕ್ಕೆ ಬಳಸಬೇಡಿ.

ಪ್ರಶ್ನೆ: ಸ್ಕ್ರೂಗಳ ಬದಲು ಬೀಡ್‌ಲಾಕ್ ಚಕ್ರವನ್ನೇ ಕೊಳ್ಳುವುದು ಒಳ್ಳೆಯದಲ್ಲವೇ? ಹೊರಬದಿಗೆ ಮಾತ್ರ ಇದ್ದರೆ ಸಾಕೇ?

ಉತ್ತರ: ಬೀಡ್‌ಲಾಕ್‌ನಲ್ಲಿ ಟೈರಿನ ಬೀಡನ್ನು ರಿಮ್ಮಿಗೂ ಒಂದು ಲೋಹದ ಬಳೆಗೂ ನಡುವೆ ಇಟ್ಟು, ಸುತ್ತಲೂ ಬೋಲ್ಟುಗಳಿಂದ ಬಿಗಿಯುತ್ತಾರೆ. ಹಿಡಿತವು ಗಾಳಿಯನ್ನು ನೆಚ್ಚಿಕೊಂಡಿರುವುದಿಲ್ಲವಾದ್ದರಿಂದ ಹೆಚ್ಚು ಶಕ್ತಿಯ ಕಾರುಗಳಿಗೆ ಇದೇ ತಕ್ಕದ್ದು. ಡ್ರ್ಯಾಗ್ ರೇಸಿನ ಅತಿ ಹೆಚ್ಚು ಶಕ್ತಿಯ ಟಾಪ್ ಫ್ಯೂಯಲ್ ವರ್ಗದ ಕಾರುಗಳಲ್ಲಿ ಸುಮಾರು 36 ಇಂಚು ವ್ಯಾಸದ ಹಿಂದಿನ ಟೈರು 16 ಇಂಚಿನ ರಿಮ್ಮಿನ ಮೇಲೆ, 7 ಪಿಎಸ್‌ಐ ಆಸುಪಾಸಿನ ಗಾಳಿಯಲ್ಲಿ ಓಡುತ್ತದೆ. ಬರಿಯ ಘರ್ಷಣೆಯನ್ನು ನಂಬಿ ಅಲ್ಲಿ ಕಾರು ಹೊರಡಿಸಲು ಸಾಧ್ಯವೇ ಇಲ್ಲ. ಹೊರಬದಿಗೆ ಮಾತ್ರ ಬಳೆ ಇರುವ ಚಕ್ರ ಮಧ್ಯಮ ಶಕ್ತಿಯ ಕಾರಿಗೆ ಸಾಕಾಗುತ್ತದೆ, ಆದರೆ ಒಳಬದಿಯ ಬೀಡ್ ಆಗಲೂ ಜಾರಬಹುದು ಎಂಬುದನ್ನು ಮರೆಯದೆ ಅಲ್ಲಿನ ಗೆರೆಯನ್ನು ನೋಡುತ್ತಿರಿ. ಬೋಲ್ಟುಗಳನ್ನು ಒಂದರ ಪಕ್ಕ ಇನ್ನೊಂದರಂತೆ ಬಿಗಿಯದೆ, ಎದುರುಬದುರಾಗಿ ಹಲವು ಸುತ್ತುಗಳಲ್ಲಿ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ರಬ್ಬರು ಒತ್ತಡಕ್ಕೆ ತಗ್ಗುವುದರಿಂದ ಮೊದಲ ಓಟದ ನಂತರ ಮತ್ತೊಮ್ಮೆ ಪರೀಕ್ಷಿಸಿ. ಚಕ್ರದ ತೂಕ ಏರುವುದು ಇದರ ದೋಷ.

ಪ್ರಶ್ನೆ: ಬೀಡಿಗೆ ಅಂಟು ಹಚ್ಚಿದರೆ ಆಗದೇ?

ಉತ್ತರ: ಹಚ್ಚುವವರಿದ್ದಾರೆ. ಟೈರು ಬಿಚ್ಚುವ ದಿನ ಬೀಡಿನ ರಬ್ಬರು ಕಿತ್ತುಬರುವ ಭಯವಿದೆ, ಉಳಿದ ಅಂಟನ್ನು ಕೆರೆಯುವ ಕೆಲಸವೂ ಸಣ್ಣದಲ್ಲ. ಸ್ವಚ್ಛವಾದ ಒರಟು ರಿಮ್ಮಿಗೆ ಅದು ಬೇಕಾಗುವುದಿಲ್ಲ, ಕೊಳೆಯಾದ ರಿಮ್ಮಿಗೆ ಅದು ಹಿಡಿಯುವುದೂ ಇಲ್ಲ.