ಮುಳ್ಳಿಲ್ಲದ, ಕಿಟಕಿಯಲ್ಲಿ ಅಂಕೆ ಹಾರುವ ವಾಚಿಗೆ ಅಷ್ಟು ಬೆಲೆ ಯಾಕೆ?

ಬ್ಯಾಟರಿ ಇಲ್ಲ, ಮುಳ್ಳಿಲ್ಲ, ಕಿಟಕಿಯಲ್ಲಿ ಬರೀ ಅಂಕೆ. ಇದಕ್ಕೆ ಲಕ್ಷಗಟ್ಟಲೆ ಯಾಕೆ ಅಂತ ಕೇಳಿದ್ದೀರಿ. ನಾನು ಹೊಸೂರಲ್ಲಿ ಇಪ್ಪತ್ತು ವರ್ಷದಿಂದ ವಾಚ್ ರಿಪೇರಿ ಮಾಡುತ್ತಿದ್ದೇನೆ. ಹೆಸರಿಗೆ ಕೊಡುವ ದುಡ್ಡೂ ಇದೆ, ಆದರೆ ಅಂಕೆ ಹಾರಿಸುವ ಕೆಲಸ ನಿಜಕ್ಕೂ ಕಷ್ಟದ್ದು.

ಮುಳ್ಳು ಹಗುರ, ತೆವಳುತ್ತಾ ಹೋದರೆ ಸಾಕು. ಅಂಕೆ ಬರೆದ ತಟ್ಟೆ ಭಾರ. ಅದು ಗಂಟೆಯಿಡೀ ಅಲ್ಲಾಡದೆ ಕೂತು, ಗಂಟೆ ತುಂಬಿದ ಕೂಡಲೇ ಟಕ್ ಅಂತ ತಿರುಗಬೇಕು. ಆ ಬಲವೂ ಸಾಮಾನ್ಯವಾಗಿ ಟೈಮ್ ನಡೆಸುವ ಸ್ಪ್ರಿಂಗಿನಿಂದಲೇ ಬರಬೇಕು, ಅಲ್ವಾ? ಜಾಸ್ತಿ ಎಳೆದರೆ, ಆಚೀಚೆ ಆಡುತ್ತಾ ಟೈಮಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರ ಸೊರಗುತ್ತದೆ, ಟೈಮ್ ತಪ್ಪುತ್ತದೆ.

ಹೋದ ಮಳೆಗಾಲದಲ್ಲಿ ತಳಿ ಊರಿನ ಕಡೆಯ ಹಿರಿಯರೊಬ್ಬರು 1970ರ ದಶಕದ ಇಂಥದೇ ಒಂದು ಸ್ವಿಸ್ ವಾಚ್ ತಂದರು. ಕಿಟಕಿಯಲ್ಲಿ 9 ಅರ್ಧ, 10 ಅರ್ಧ. "ನಮ್ಮಪ್ಪಂದು ಸ್ವಾಮಿ, ಹೆಂಗಾದ್ರೂ ನಡೆಸಿಕೊಡಿ" ಅಂದರು. ಬಿಚ್ಚಿದರೆ ಹಳೆ ಎಣ್ಣೆ ಒಣಗಿ ಅಂಟಾಗಿತ್ತು. ಅಷ್ಟು ಅಂಟೇ ತಟ್ಟೆಯನ್ನು ಹಿಡಿದು ನಿಲ್ಲಿಸಿತ್ತು. ತೊಳೆದು, ಸೂಜಿ ಮೊನೆಯಲ್ಲಿ ಎಣ್ಣೆ ಮುಟ್ಟಿಸಿ, ಇಬ್ಬರೂ ಹನ್ನೊಂದು ಗಂಟೆಗೆ ಕಾದು ಕೂತೆವು. ಅಂಕೆ ಹಾರಿದಾಗ ಅವರ ಕಣ್ಣು ತುಂಬಿತು.

ಈ ಬಲದ ಕೊರತೆ ಇವತ್ತಿನದಲ್ಲ. ಸಾಲ್ಜ್‌ಬರ್ಗ್‌ನ ಜೋಸೆಫ್ ಪಾಲ್ವೆಬರ್ ರೂಪಿಸಿದ ಅಂಕೆಯ ಜೇಬುಗಡಿಯಾರಗಳನ್ನು ಸ್ವಿಸ್ ವಾಚ್ ಕಂಪನಿ ಐಡಬ್ಲ್ಯುಸಿ 1880ರ ದಶಕದಲ್ಲೇ ಮಾಡುತ್ತಿತ್ತು. ಅದೇ ಕಂಪನಿ 2018ರಲ್ಲಿ ಆ ನೆನಪಿಗೆ ವಾಚ್ ಮಾಡಿದಾಗ, ನಿಮಿಷದ ತಟ್ಟೆ ತಿರುಗಿಸಲೆಂದೇ ಬೇರೆ ಸ್ಪ್ರಿಂಗ್ ಡಬ್ಬಿ, ಬೇರೆ ಚಕ್ರಗಳ ಸಾಲು ಇಟ್ಟಿತು. ಜರ್ಮನಿಯ ವಾಚ್ ಕಂಪನಿ ಲಾಂಗೆಯವರ ಜೈಟ್‌ವೆರ್ಕ್ ಎಂಬ ಅಂಕೆಯ ವಾಚ್ ಬಂದದ್ದು 2009ರಲ್ಲಿ. ಅದರಲ್ಲಿ ಗಂಟೆ ತುಂಬಿದಾಗ ಮೂರು ತಟ್ಟೆಗಳು ಒಟ್ಟಿಗೆ ಹಾರುತ್ತವೆ. ಅದಕ್ಕೆ ಬಲ ಒದಗಿಸುವುದೇ ದೊಡ್ಡ ಕೆಲಸ, ಮೊದಲ ಮಾಡೆಲ್ ಒಮ್ಮೆ ಕೀ ಕೊಟ್ಟರೆ 36 ಗಂಟೆ ಮಾತ್ರ ಓಡುತ್ತಿತ್ತು. ನನಗೆ ಇವೆರಡೂ ಬೆರಗು ಹುಟ್ಟಿಸುವ ಕೆಲಸಗಳು.

ನೀವು ಹಳೆಯದನ್ನು ಕೊಳ್ಳುವುದಾದರೆ ಸುಮ್ನೆ ಫೋಟೋ ನೋಡಿ ದುಡ್ಡು ಕೊಡಬೇಡಿ. ಹನ್ನೆರಡೂ ಗಂಟೆ ಮುಂದಕ್ಕೆ ತಿರುಗಿಸಿ ನೋಡಿ. ಪ್ರತಿ ಅಂಕೆಯೂ ಕಿಟಕಿಯ ನಡುವೆ ಸರಿಯಾಗಿ ನಿಲ್ಲಬೇಕು. ಹಿಂದಕ್ಕೆ ಮಾತ್ರ ತಿರುಗಿಸಬೇಡಿ, ಎಷ್ಟೋ ಹಳೆ ವಾಚುಗಳಲ್ಲಿ ಹಲ್ಲು ಮುರಿಯುವುದು ಆಗಲೇ.